ಗೌರಿ ಹಬ್ಬದಿಂದ ಶಿವರಾತ್ರಿಯವರೆಗೆ ಸದ್ದು, ಹೊಗೆ: ಮಾಡಬೇಕಾದ್ದು, ಮಾಡಬಾರದ್ದು

ಬಡಾವಣೆಯ ನಿವಾಸಿಗಳು, ಅಂಗಡಿಯವರು, ಹಬ್ಬದ ಸಮಿತಿಯವರು ಮತ್ತು ಮನೆ ಕಟ್ಟಿಸುತ್ತಿರುವವರ ಗಮನಕ್ಕೆ

ಗಣೇಶನ ಪೆಂಡಾಲು, ರಾಜ್ಯೋತ್ಸವದ ಆರ್ಕೆಸ್ಟ್ರಾ, ದೀಪಾವಳಿಯ ಪಟಾಕಿ, ಚಳಿಗಾಲದಲ್ಲಿ ತರಗೆಲೆಗೆ ಹಚ್ಚುವ ಬೆಂಕಿ. ಈ ಐದಾರು ತಿಂಗಳು ಕಿವಿಗೂ ಶ್ವಾಸಕೋಶಕ್ಕೂ ಬಿಡುವಿಲ್ಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ನಮ್ಮ ರಾಜ್ಯದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಇವೆ. ಪಟ್ಟಿಯಲ್ಲಿಲ್ಲದ ಊರಿನವರು ನಿಶ್ಚಿಂತರಾಗಬೇಕಿಲ್ಲ. ಕೆಳಗಿನ ಶಬ್ದದ ನಿಯಮಗಳು ದೇಶಕ್ಕೆಲ್ಲ ಒಂದೇ.

"ನಮ್ಮ ಜಾಗ, ನಮ್ಮ ಹಬ್ಬ, ನಮ್ಮ ಗಾಡಿ" ಎಂಬ ವಾದ ಇಲ್ಲಿ ನಡೆಯುವುದಿಲ್ಲ. ಜಾಗ ನಿಮ್ಮದೇ ಇರಬಹುದು. ಕಾಂಪೌಂಡು ದಾಟಿದ ಸದ್ದನ್ನೂ ಹೊಗೆಯನ್ನೂ ಅನುಭವಿಸುವವರು ಪಕ್ಕದ ಮನೆಯ ಬಾಣಂತಿ, ಹಸುಗೂಸು, ಹೃದ್ರೋಗಿ.

1. ಮೈಕು, ಡಿಜೆ, ವಾದ್ಯ

ಮಾಡಬೇಕಾದ್ದು
• ಧ್ವನಿವರ್ಧಕಕ್ಕೆ ಮೊದಲೇ ಲಿಖಿತ ಅನುಮತಿ ಪಡೆಯಿರಿ. ಪತ್ರವನ್ನು ಪೆಂಡಾಲಿನಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿ.
• ವಸತಿ ಪ್ರದೇಶದ ಮಿತಿ ನೆನಪಿರಲಿ: ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಹಗಲು 50, ರಾತ್ರಿ 40.
• ಸ್ಪೀಕರ್‌ಗಳನ್ನು ಪೆಂಡಾಲಿನೊಳಕ್ಕೆ ತಿರುಗಿಸಿಡಿ. ಎದುರು ಮನೆಯ ಕಿಟಕಿಯತ್ತ ಬೇಡ.

ಮಾಡಬಾರದ್ದು
• ರಾತ್ರಿ 10ರ ನಂತರ ತೆರೆದ ಜಾಗದಲ್ಲಿ ಮೈಕು ಹಚ್ಚಬೇಡಿ. 2000ರ ಶಬ್ದ ಮಾಲಿನ್ಯ ನಿಯಮಗಳು ವಾದ್ಯಗಳನ್ನೂ ಬಿಟ್ಟಿಲ್ಲ. ತಮಟೆ, ಬ್ಯಾಂಡ್‌ಸೆಟ್ಟಿಗೂ ಇದೇ ಗಡುವು.
• "ಹಬ್ಬಕ್ಕೆ ವಿನಾಯಿತಿ ಇದೆ" ಎಂದು ನೀವೇ ತೀರ್ಮಾನಿಸಬೇಡಿ. ವಿನಾಯಿತಿ ಕೊಡಬೇಕಾದದ್ದು ರಾಜ್ಯ ಸರ್ಕಾರ. ಅದೂ ವರ್ಷಕ್ಕೆ 15 ದಿನ ಮೀರುವಂತಿಲ್ಲ, ಮಧ್ಯರಾತ್ರಿ 12 ದಾಟುವಂತಿಲ್ಲ.
• "ಹತ್ತೇ ಡೆಸಿಬಲ್ ಜಾಸ್ತಿ" ಎನ್ನಬೇಡಿ. ಹತ್ತು ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ.
• ಮಕ್ಕಳನ್ನು ಡಿಜೆ ವಾಹನದ ಪಕ್ಕ ಕುಣಿಯಲು ಬಿಡಬೇಡಿ, ಸ್ಪೀಕರ್ ಮುಂದೆ ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲಬೇಡಿ.

2. ಪಟಾಕಿ

ಮಾಡಬೇಕಾದ್ದು
• ಹಸಿರು ಪಟಾಕಿ ಮಾತ್ರ ಕೊಳ್ಳಿ. ಪೆಟ್ಟಿಗೆಯ ಮೇಲೆ ನೀರಿ ಸಂಸ್ಥೆಯ ಲಾಂಛನ, ಕ್ಯೂಆರ್ ಕೋಡ್ ನೋಡಿ.
• ದೀಪಾವಳಿಯಂದು ರಾತ್ರಿ 8ರಿಂದ 10ರೊಳಗೆ ಮುಗಿಸಿ. 2018ರಲ್ಲಿ ಸುಪ್ರೀಂ ಕೋರ್ಟ್ ಇಟ್ಟ ಗಡುವು ಇದು.

ಮಾಡಬಾರದ್ದು
• ಸರಪಟಾಕಿ ಹಚ್ಚಬೇಡಿ, ಮಾರಬೇಡಿ. ಅದೇ ಆದೇಶ ಅದನ್ನು ನಿಷೇಧಿಸಿದೆ.
• ಹಸಿರು ಪಟಾಕಿಗೆ ಹೊಗೆಯೇ ಇಲ್ಲವೆಂದು ನಂಬಬೇಡಿ. ಹೊಗೆ ಕಡಿಮೆ, ಅಷ್ಟೇ. ಆಸ್ತಮಾ ಇರುವ ಮಗುವನ್ನು ಅದರಿಂದಲೂ ದೂರವಿಡಿ.

3. ತರಗೆಲೆ, ಕಸ

ಮಾಡಬೇಕಾದ್ದು
• ಉದುರಿದ ಎಲೆಯನ್ನು ಮರದ ಬುಡಕ್ಕೇ ಹಾಕಿ, ಇಲ್ಲವೇ ಗುಂಡಿಯಲ್ಲಿ ಗೊಬ್ಬರ ಮಾಡಿ.
• ಗುಡಿಸುವ ಮೊದಲು ನೀರು ಚಿಮುಕಿಸಿ.

ಮಾಡಬಾರದ್ದು
• ಖಾಲಿ ಸೈಟಿನಲ್ಲಿ, ರಸ್ತೆ ಬದಿಯಲ್ಲಿ ಯಾವ ಕಸಕ್ಕೂ ಬೆಂಕಿ ಇಡಬೇಡಿ. ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಹೊರಬೀಳುತ್ತದೆ.
• ಕಾವಲುಗಾರ, ಪೌರಕಾರ್ಮಿಕರ ಕೈಯಲ್ಲಿ ಸುಡಿಸಬೇಡಿ. ಆ ಹೊಗೆ ಮೊದಲು ಸೇರುವುದು ಅವರ ಎದೆಗೆ. ಚಳಿ ಕಾಯಿಸಿಕೊಳ್ಳಲು ಅವರು ಬೆಂಕಿ ಹಾಕುತ್ತಿದ್ದರೆ ಕಂಬಳಿ, ಸ್ವೆಟರ್ ಕೊಡಿಸುವುದು ನಿಮ್ಮ ಜವಾಬ್ದಾರಿ.

4. ವಾಹನ

ಮಾಡಬೇಕಾದ್ದು
• ಮಾಲಿನ್ಯ ತಪಾಸಣೆ ಪ್ರಮಾಣಪತ್ರ ಚಾಲ್ತಿಯಲ್ಲಿರಲಿ.
• ಸಿಗ್ನಲ್‌ನಲ್ಲಿ, ಶಾಲೆಯ ಗೇಟಿನ ಮುಂದೆ ಕಾಯುವಾಗ ಎಂಜಿನ್ ನಿಲ್ಲಿಸಿ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲೇ ಘೋಷಿಸಿದೆ.

ಮಾಡಬಾರದ್ದು
• ಗೇಟು ತೆಗೆಸಲು ಹಾರ್ನ್ ಹೊಡೆಯಬೇಡಿ. ಇಳಿದು ಬೆಲ್ ಒತ್ತಿ.
• ಸೈಲೆನ್ಸರ್ ತೆಗೆಸಿ ಬೈಕ್ ಓಡಿಸಬೇಡಿ. ಇದಕ್ಕೂ ಅನಗತ್ಯ ಹಾರ್ನ್‌ಗೂ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲ ಸಲ 1,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 2,000 ರೂಪಾಯಿ ದಂಡವಿದೆ.

5. ಮನೆ ಕಟ್ಟಿಸುವವರು

ಮರಳು, ಎಂ-ಸ್ಯಾಂಡ್, ಜಲ್ಲಿಗೆ ಹೊದಿಕೆ ಹಾಕಿ. ಕಟ್ಟಡಕ್ಕೆ ಬಲೆ ಕಟ್ಟಿ. ಗ್ರಾನೈಟ್, ಟೈಲ್ಸ್ ಕತ್ತರಿಸುವಾಗ ನೀರು ಹಾಯಿಸಿ. ಒಣ ದೂಳಿನ ಸಿಲಿಕಾ ಕೆಲಸಗಾರನ ಶ್ವಾಸಕೋಶವನ್ನು ಶಾಶ್ವತವಾಗಿ ಗಟ್ಟಿಗೊಳಿಸುತ್ತದೆ. ರಾತ್ರಿ 10ರ ನಂತರ ಡ್ರಿಲ್, ಕಾಂಕ್ರೀಟ್ ಮಿಕ್ಸರ್, ಬ್ರೇಕರ್ ಓಡಿಸಬೇಡಿ. "ಬೋರ್‌ವೆಲ್ ಲಾರಿ ರಾತ್ರಿಯೇ ಸಿಗೋದು" ಎಂಬ ಮಾತು ಬೇಡ.

6. ನಿಮ್ಮ ಆರೋಗ್ಯಕ್ಕೆ

ಹೊಗೆ, ದೂಳಿನಲ್ಲಿರುವ ಪಿಎಂ 2.5 ಎಂಬ ಸೂಕ್ಷ್ಮ ಕಣ ಕೂದಲಿಗಿಂತ ಇಪ್ಪತ್ತು-ಮೂವತ್ತು ಪಟ್ಟು ಸಣ್ಣದು. ಮೂಗು, ಗಂಟಲು ಅದನ್ನು ತಡೆಯಲಾರವು. ಶ್ವಾಸಕೋಶದ ಕೊನೆಯ ಗಾಳಿಚೀಲ ಮುಟ್ಟಿ ರಕ್ತಕ್ಕೂ ಇಳಿಯುತ್ತದೆ. ಕೆಮ್ಮು, ಆಸ್ತಮಾ ಅಷ್ಟೇ ಅಲ್ಲ, ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವನ್ನೂ ಅದು ಹೆಚ್ಚಿಸುತ್ತದೆ. ಸದ್ದಿನ ಪೆಟ್ಟೂ ಕಿವಿಗಷ್ಟೇ ನಿಲ್ಲುವುದಿಲ್ಲ. ನಿದ್ದೆಯಲ್ಲೂ ದೇಹ ಸದ್ದಿಗೆ ಎಚ್ಚೆತ್ತುಕೊಳ್ಳುತ್ತದೆ, ನಾಡಿಯೂ ರಕ್ತದೊತ್ತಡವೂ ಏರುತ್ತವೆ. ಒಳಗಿವಿಯ ಕೂದಲು ಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಮಾಡಬೇಕಾದ್ದು
• ಸಮೀರ್ ಆ್ಯಪ್‌ನಲ್ಲಿ ಗಾಳಿಯ ಸೂಚ್ಯಂಕ ನೋಡಿ. 200 ದಾಟಿದರೆ ಓಟ, ಆಟ ಹೊರಗೆ ಬೇಡ. ಮಕ್ಕಳು, ಗರ್ಭಿಣಿಯರು, ಹೃದ್ರೋಗಿಗಳು 100 ದಾಟಿದಾಗಲೇ ಎಚ್ಚರ ವಹಿಸಿ.
• ಮಾಸ್ಕ್ ಬೇಕಿದ್ದರೆ ಎನ್-95 ಹಾಕಿ, ಮುಖಕ್ಕೆ ಬಿಗಿಯಾಗಿ ಕೂರಲಿ.
• 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ತಾಸು ಗರಿಷ್ಠ. ಪ್ರತಿ 3 ಡೆಸಿಬಲ್ ಏರಿದಂತೆ ಅವಧಿ ಅರ್ಧವಾಗಬೇಕು: 88ಕ್ಕೆ 4 ತಾಸು, 91ಕ್ಕೆ 2. ಗಿರಣಿ, ಗ್ಯಾರೇಜಿನವರು ಕಿವಿಗೆ ರಕ್ಷಣೆ ಹಾಕಲೇಬೇಕು.
• ಕಿವಿ ಒಮ್ಮೆಲೇ ಮಂದವಾದರೆ, ಗುಂಯ್‌ಗುಡುವುದು ಮರುದಿನವೂ ನಿಲ್ಲದಿದ್ದರೆ ತಡಮಾಡದೆ ಇಎನ್‌ಟಿ ವೈದ್ಯರಲ್ಲಿಗೆ ಹೋಗಿ.

ಮಾಡಬಾರದ್ದು
• ಚಳಿಗಾಲದ ನಸುಕಿನಲ್ಲಿ ರಿಂಗ್ ರಸ್ತೆಯ ಪಕ್ಕ ವಾಕಿಂಗ್ ಮಾಡಬೇಡಿ. ತಣ್ಣನೆಯ ಗಾಳಿ ಹೊಗೆಯನ್ನು ನೆಲದ ಹತ್ತಿರವೇ ಹಿಡಿದಿಟ್ಟಿರುತ್ತದೆ. ಬಿಸಿಲೇರಿದ ಮೇಲೆ, ಉದ್ಯಾನದಲ್ಲಿ ನಡೆಯಿರಿ.
• ಕರ್ಚೀಫು, ದುಪಟ್ಟಾ ಸೂಕ್ಷ್ಮ ಕಣ ತಡೆಯುತ್ತವೆಂದು ನಂಬಬೇಡಿ.
• ಬಾಗಿಲು ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿ ಮಲಗಬೇಡಿ. ಸೊಳ್ಳೆ ಪರದೆ ಕಟ್ಟಿ.
• ಉಸಿರಾಟ ಸರಿಯಿದೆಯೆಂದು ದಿನನಿತ್ಯದ ಇನ್‌ಹೇಲರ್ ನೀವೇ ನಿಲ್ಲಿಸಬೇಡಿ.
• ಕಿವಿಗೆ ಬಿಸಿ ಎಣ್ಣೆ ಬಿಡಬೇಡಿ.

7. ದೂರು

ಮೊದಲು ಸಮಿತಿಯವರಿಗೆ, ಮನೆಯವರಿಗೆ ನೇರವಾಗಿ ಹೇಳಿ. ಕೇಳದಿದ್ದರೆ 112ಕ್ಕೆ ಕರೆ ಮಾಡಿ. ಸ್ಥಳ, ಸಮಯ, ಸದ್ದಿನ ಮೂಲ ಖಚಿತವಾಗಿ ತಿಳಿಸಿ. ಹಗಲಿನ ಸದ್ದು ಮಿತಿಗಿಂತ 10 ಡೆಸಿಬಲ್ ಅಥವಾ ಹೆಚ್ಚು ಮೀರಿದರೆ ದೂರಿಗೆ ಅರ್ಹ. ರಾತ್ರಿಯ ನಿರ್ಬಂಧ ಮುರಿದಿದ್ದರೆ ಅಳತೆಯ ಲೆಕ್ಕವೇ ಬೇಕಿಲ್ಲ. ಕಸ ಸುಡುವುದು ಕಂಡರೆ ಫೋಟೊ ಸಮೇತ ನಗರಪಾಲಿಕೆಗೆ, ಕಾರ್ಖಾನೆಯ ಹೊಗೆಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಿರಿ.

ದೂರು ಕೊಟ್ಟವರ ಮನೆ ಮುಂದೆ ಗಲಾಟೆ ಮಾಡುವುದು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರ ಹೆಸರೆತ್ತಿ ಹೀಯಾಳಿಸುವುದು, "ಧರ್ಮ ವಿರೋಧಿ" ಎಂದು ಹಣೆಪಟ್ಟಿ ಹಚ್ಚುವುದು ಸಲ್ಲದು. ನಿಯಮ ದೇವಸ್ಥಾನ, ಮಸೀದಿ, ಚರ್ಚು, ರಾಜಕೀಯ ಸಭೆ, ಮದುವೆ ಮನೆ ಎಲ್ಲಕ್ಕೂ ಒಂದೇ. ರಾತ್ರಿ 10 ಅಂದರೆ 10. ಕೊನೆಯ ಹಾಡು ಅದಕ್ಕಿಂತ ಮೊದಲೇ ಮುಗಿದಿರಬೇಕು.