‘ವಿಶೇಷ ಉಂಟಾ?’ ಅಂದವರಿಗೆಲ್ಲ ಉತ್ತರ ಕೊಡಬೇಕಾಗಿಲ್ಲ

ಮಗಳೇ, ಬೆಳಗ್ಗೆ ಗೋರೆಗಾಂವಿನಲ್ಲಿ ಲೋಕಲ್ ಹಿಡಿದು ಐವಿಎಫ್ ಚಿಕಿತ್ಸೆಯ ಸ್ಕ್ಯಾನಿಂಗಿಗೆ ಹೋಗುತ್ತೀ, ಅಲ್ಲಿಂದ ಆಫೀಸಿಗೆ ಓಡುತ್ತೀ. ರಾತ್ರಿ ಫ್ರಿಜ್ಜಿನಿಂದ ಇಂಜೆಕ್ಷನ್ ತೆಗೆದು ಹೊಟ್ಟೆಗೆ ನೀನೇ ಚುಚ್ಚಿಕೊಳ್ಳುತ್ತೀ. ಇಷ್ಟರ ಮೇಲೆ ಏನೂ ಆಗದವಳ ಹಾಗೆ ಎಲ್ಲರೆದುರು ನಗುವ ಕೆಲಸವೊಂದನ್ನು ಬಿಟ್ಟುಬಿಡು.

ಹತ್ತು ಹನ್ನೆರಡು ದಿನ ಹಾರ್ಮೋನು ಹೊಕ್ಕರೆ, ತಿಂಗಳಿಗೊಂದು ಬಲಿಯುವ ಅಂಡಗಳು ಒಟ್ಟೊಟ್ಟಿಗೆ ಹಲವು ಬಲಿಯುತ್ತವೆ. ಹೊಟ್ಟೆ ಉಬ್ಬಿ ಚೂಡಿದಾರದ ಲಾಡಿ ಬಿಗಿಯುತ್ತದೆ. ಅಂಡ ಹೊರತೆಗೆಯುವ ಎಗ್ ಪಿಕಪ್ ಆದ ಮೇಲೆ ಪ್ರೊಜೆಸ್ಟರಾನ್ ಹಾರ್ಮೋನು. ಅದನ್ನು ಎಣ್ಣೆಯ ಇಂಜೆಕ್ಷನ್ನಾಗಿ ಕೊಟ್ಟರೆ ಚುಚ್ಚಿದಲ್ಲಿ ಗಂಟು ಕಟ್ಟಿ, ರೈಲಿನ ಸೀಟಿನಲ್ಲಿ ಒಂದೇ ಮಗ್ಗುಲಿಗೆ ಕೂರಬೇಕಾಗುತ್ತದೆ. ಸುಮ್ಮಸುಮ್ಮನೆ ಅಳು, ಸಣ್ಣ ಮಾತಿಗೂ ಸಿಡುಕು. ಅದರಲ್ಲಿ ಔಷಧಿಯ ಪಾಲೂ ಇದೆ, ನಿನ್ನ ಗುಣ ಕೆಟ್ಟಿದ್ದಲ್ಲ. ಆದರೆ ಹೊಟ್ಟೆ ಗಟ್ಟಿಯಾಗಿ ಉಬ್ಬಿ, ಉಸಿರಾಡಲು ಕಷ್ಟವಾಗಿ, ಮೂತ್ರ ಕಡಿಮೆಯಾದರೆ ಬೆಳಗಾಗಲೆಂದು ಕಾಯಬೇಡ. ರಾತ್ರಿಯೇ ಡಾಕ್ಟರಿಗೆ ಫೋನ್ ಮಾಡು.

ಭ್ರೂಣ ಸೇರಿಸಿದ ಮೇಲಿನ ಎರಡು ವಾರವೇ ಎಲ್ಲಕ್ಕಿಂತ ಕಠಿಣ. ಹಾಸಿಗೆ ಹಿಡಿದು ಮಲಗಿದರೆ ಗರ್ಭ ನಿಲ್ಲುತ್ತದೆ ಎಂಬುದಕ್ಕೆ ಆಧಾರವಿಲ್ಲ. ರಕ್ತಪರೀಕ್ಷೆ ಸೋತರೆ, ಸ್ಟೇಷನ್ನಿನ ಮೆಟ್ಟಿಲು ಹತ್ತಿದ್ದಕ್ಕೆ ಹೀಗಾಯಿತೆಂದು ಕೊರಗಬೇಡ. ಅತ್ತುಬಿಡು, ಅದೂ ಒಂದು ನಷ್ಟವೇ.

ಊರಿನವರು ನಾಗದೋಷ ಅನ್ನುತ್ತಾರೆ, ಕುಕ್ಕೆಗೆ ಹೋಗಿ ಬಾ ಅನ್ನುತ್ತಾರೆ. ಮನಸ್ಸಿದ್ದರೆ ಹೋಗು, ಆದರೆ ದೋಷ ನಿನ್ನದೆಂದು ಮಾತ್ರ ಒಪ್ಪಿಕೊಳ್ಳಬೇಡ. ಗಂಡನ ವೀರ್ಯಪರೀಕ್ಷೆ ಮೊದಲೇ ಆಗಬೇಕಾದ್ದು. ಸೂಜಿ ಹಾಕುವುದನ್ನು ಅವನೂ ಕಲಿಯಲಿ. ಮನಸ್ಸಿಲ್ಲದ ದಿನ ಸೀಮಂತಕ್ಕೆ ಹೋಗಬೇಡ. ಅಷ್ಟಕ್ಕೆ ಕೆಡುವ ನೆಂಟಸ್ತಿಕೆ ನಮಗೆ ಬೇಡ.

ಕದ್ದುಮುಚ್ಚಿ ಮಾಡುವಂಥದ್ದೇನೂ ಈ ಚಿಕಿತ್ಸೆಯಲ್ಲಿಲ್ಲ. ಇದೇ ಮುಂಬಯಿಯ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ 1986ರ ಆಗಸ್ಟ್ 6ರಂದು ಡಾ. ಇಂದಿರಾ ಹಿಂದುಜಾ ಅವರ ಕೈಯಲ್ಲಿ ಹುಟ್ಟಿದ ಪ್ರನಾಳ ಶಿಶು ಹರ್ಷಾ ಚಾವ್ಡಾ, 2016ರಲ್ಲಿ ತಾನೇ ತಾಯಿಯಾದಳು. ಹಾಗೆಂದು ಎಲ್ಲರಿಗೂ ಫಲ ಸಿಕ್ಕೇ ಸಿಗುತ್ತದೆಂದು ನಾನು ಹೇಳಲಾರೆ. ಎಷ್ಟು ಸಲ, ಎಷ್ಟು ದುಡ್ಡಿನವರೆಗೆ ಎಂದು ಇಬ್ಬರೂ ಕೂತು ಮೊದಲೇ ಮಾತಾಡಿಕೊಳ್ಳಿ. ಸಾಕೆನಿಸಿದ ದಿನ ಸಾಕು ಅನ್ನು. ನಿನ್ನ ಬೆನ್ನಿಗೆ ನಾನಿದ್ದೇನೆ.

ಯಶಸ್ಸಿನ ಸಾಧ್ಯತೆ ಎಷ್ಟು, ತೊಂದರೆಗಳೇನು ಎಂದು ದಂಪತಿಗೆ ಕೌನ್ಸೆಲಿಂಗ್ ಕೊಡುವುದು 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ಎಆರ್‌ಟಿ) ಕಾಯ್ದೆಯ ಪ್ರಕಾರ ಕ್ಲಿನಿಕ್ಕಿನ ಕರ್ತವ್ಯ. ಮುಂದಿನ ಸಲ ಗಂಡನನ್ನೂ ಕರೆದುಕೊಂಡು ಹೋಗಿ ಅದನ್ನು ಕೇಳಿ ಪಡೆದುಕೋ.