ಕೈಗೆಲಸ: ಕಾಯಕದ ಮೊದಲ ಪಾಠ

ವಿದ್ಯೆಯು ಕಿವಿಯಿಂದ ಬರುವುದುಂಟು, ಕಣ್ಣಿನಿಂದ ಬರುವುದುಂಟು. ಕೈಯಿಂದ ಮಾತ್ರವೇ ಬರತಕ್ಕ ವಿದ್ಯೆಯೂ ಒಂದುಂಟು. ಶಾಲೆಗಳಲ್ಲಿ ಮೊದಲ ಎರಡು ದ್ವಾರಗಳು ಸದಾ ತೆರೆದಿರುತ್ತವೆ. ಮೂರನೆಯದು ವಾರಕ್ಕೊಮ್ಮೆ ತೆರೆದು, ಪರೀಕ್ಷೆ ಸಮೀಪಿಸಿದೊಡನೆ ಮುಚ್ಚಿಹೋಗುತ್ತದೆ. ಗಣಿತದ ಪಾಠ ಉಳಿದಿದ್ದರೆ ಕೈಗೆಲಸದ ಅವಧಿಯನ್ನೇ ಅದಕ್ಕೆ ಬಿಟ್ಟುಕೊಡುವುದು ಅನೇಕ ಕಡೆಗಳಲ್ಲಿ ರೂಢಿಯಾಗಿದೆ. ಕೈಗೆಲಸವು ಮಕ್ಕಳ ಬೇಸರ ಕಳೆಯುವ ವಿನೋದ ಮಾತ್ರವೆಂಬ ಭಾವನೆಯೇ ಇದಕ್ಕೆ ಕಾರಣ. ವಿನೋದವೇನೋ ಅದರಲ್ಲಿ ಇದ್ದೇ ಇದೆ. ಆ ವಿನೋದದೊಳಗೆ ಅಡಗಿರುವ ಶಿಕ್ಷಣ ಎಂತಹುದೆಂಬುದನ್ನು ಮೂರು ಕೆಲಸಗಳಿಂದ ತಿಳಿಯಬಹುದು. ಮೂರಕ್ಕೂ ಬೇಕಾದ ಸಾಮಗ್ರಿ ಹಳ್ಳಿಗಳಲ್ಲಿಯೇ ದೊರೆಯತಕ್ಕದ್ದು.

೧. ಹಗ್ಗ ಹೊಸೆಯುವುದು

ಪುಂಡಿಯ ನಾರನ್ನಾಗಲಿ ತೆಂಗಿನ ನಾರನ್ನಾಗಲಿ ತೆಗೆದುಕೊಂಡು, ಸಮದಪ್ಪದ ಎರಡು ಎಳೆಗಳನ್ನು ಮಾಡಿಕೊಳ್ಳಬೇಕು. ಎರಡನ್ನೂ ಬೇರೆ ಬೇರೆಯಾಗಿ ಬಲಕ್ಕೆ ಹೊಸೆದು, ಬಳಿಕ ಜೊತೆಗೂಡಿಸಿ ಎಡಕ್ಕೆ ನುಲಿಯಬೇಕು. ಪ್ರತಿಯೊಂದು ಎಳೆಯೂ ತನ್ನ ಹುರಿಯನ್ನು ಬಿಚ್ಚಿಕೊಳ್ಳಲು ಹವಣಿಸುತ್ತದೆ. ಹಾಗೆ ಹವಣಿಸುವಾಗಲೇ ಮತ್ತೊಂದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಎಲ್ಲವನ್ನೂ ಒಂದೇ ದಿಕ್ಕಿಗೆ ಹೊಸೆದವನ ಹಗ್ಗ ಕೈಬಿಟ್ಟೊಡನೆ ಸಡಿಲವಾಗಿ ಬಿಚ್ಚಿಹೋಗುತ್ತದೆ. ಗುರುಗಳು ತಪ್ಪೆಂದು ಹೇಳಬೇಕಾದುದೇ ಇಲ್ಲ, ನಾರೇ ಹೇಳುತ್ತದೆ.

ಎಳೆ, ಹುರಿ, ಹೊಸೆ, ನುಲಿ ಎಂಬ ಶಬ್ದಗಳ ಅರ್ಥವನ್ನು ನಿಘಂಟಿನಲ್ಲಿ ಹುಡುಕುವ ಬಾಲಕನಿಗೂ, ಅವುಗಳನ್ನು ಅಂಗೈಯಲ್ಲಿ ಅರಿತ ಬಾಲಕನಿಗೂ ಬಹಳ ಅಂತರವುಂಟು. 'ಕಥೆ ಹೊಸೆದ', 'ಮೈ ಹುರಿಗಟ್ಟಿತು' ಎಂಬ ನುಡಿಗಟ್ಟುಗಳ ಸ್ವಾರಸ್ಯ ಎರಡನೆಯವನಿಗೆ ತಾನಾಗಿಯೇ ತಿಳಿಯುತ್ತದೆ. ಹನ್ನೆರಡನೆಯ ಶತಮಾನದ ನುಲಿಯ ಚಂದಯ್ಯನು ಹುಲ್ಲು ಕೊಯ್ದು, ಹಗ್ಗ ಮಾಡಿ ಮಾರಿ, ಬಂದ ಹಣದಿಂದ ದಾಸೋಹ ನಡೆಸಿದ ಶರಣನು. ಆತನ ಹೆಸರಿನಲ್ಲಿರುವ 'ನುಲಿ' ಏನೆಂಬುದನ್ನೂ ಮಕ್ಕಳು ಅಂದೇ ತಿಳಿಯುತ್ತಾರೆ.

೨. ಎಲೆ ಹಚ್ಚುವುದು

ಒಣಗಿಸಿ ಜೋಡಿಸಿಟ್ಟ ಮುತ್ತುಗದ ಎಲೆಗಳಿಗೆ ನೀರು ಚಿಮುಕಿಸಿ ಮೆತ್ತಗಾಗಿಸಬೇಕು. ಇಲ್ಲವಾದರೆ ಮಡಿಸುವಾಗ ಮುರಿಯುತ್ತವೆ. ನಡುವೆ ದೊಡ್ಡದೊಂದು ಎಲೆಯನ್ನಿಟ್ಟು, ಸುತ್ತಲೂ ಒಂದರ ಅಂಚಿನ ಮೇಲೆ ಮತ್ತೊಂದು ಬರುವಂತೆ ಜೋಡಿಸಿ, ಬಿದಿರಿನ ಸಣ್ಣ ಸೀಳಿನಿಂದಲೋ ತೆಂಗಿನಗರಿಯ ಕಡ್ಡಿಯಿಂದಲೋ ಚುಚ್ಚಿ ಸೇರಿಸಬೇಕು. ಬಿದಿರು ಸೀಳುವ ಕೆಲಸವನ್ನು ಹಿರಿಯರೇ ಮಾಡಿಕೊಡುವುದು ಕ್ಷೇಮ. ವೃತ್ತವನ್ನು ಸಮಭಾಗ ಮಾಡುವ ರೇಖಾಗಣಿತವನ್ನು ಮಕ್ಕಳು ಇಲ್ಲಿ ಕೈವಾರವಿಲ್ಲದೆ ಕಲಿಯುತ್ತಾರೆ. ಅಂಚುಗಳು ಸಾಲದಷ್ಟು ಮಾತ್ರ ಕೂಡಿದ್ದರೆ ಸಾರು ಸೋರುತ್ತದೆ. ಹೆಚ್ಚು ಕೂಡಿದರೆ ಎಲೆ ವ್ಯರ್ಥವಾಗುತ್ತದೆ. ಮಿತವ್ಯಯದ ಪಾಠಕ್ಕೆ ಇದಕ್ಕಿಂತ ಸುಲಭವಾದ ಸಾಧನ ಬೇರೊಂದಿರಲಾರದು.

೩. ಮಣ್ಣೆತ್ತು ಮಾಡುವುದು

ಜ್ಯೇಷ್ಠ ಮಾಸದ ಅಮಾವಾಸ್ಯೆಯಂದು ಉತ್ತರ ಕರ್ನಾಟಕದ ಮನೆಗಳಲ್ಲಿ ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುತ್ತಾರೆ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಆದಕಾರಣ ಕಲ್ಲುಕಡ್ಡಿ ತೆಗೆದು, ಸ್ವಲ್ಪ ನುಣುಪಾದ ಮರಳನ್ನು ಸೇರಿಸಿ ಚೆನ್ನಾಗಿ ನಾದಬೇಕು. ಕೊಂಬು, ಕಾಲುಗಳನ್ನು ಮೈ ಹಸಿಯಿರುವಾಗಲೇ ತೆಳುವಾದ ಕೆಸರು ಸವರಿ ಅಂಟಿಸಬೇಕು. ಬಿಸಿಲಿಗಿಡದೆ ನೆರಳಿನಲ್ಲಿ ಆರಿಸಬೇಕು. ಅವಸರ ಮಾಡಿದವನ ಎತ್ತಿಗೆ ಕೊಂಬು ನಿಲ್ಲುವುದಿಲ್ಲ. ತಾಳ್ಮೆಯನ್ನು ಕುರಿತ ಉಪದೇಶಕ್ಕಿಂತ ಈ ಅನುಭವ ಹೆಚ್ಚು ಕಾಲ ಉಳಿಯುತ್ತದೆ.

ಈ ಮೂರು ಕೆಲಸಗಳ ಪ್ರಯೋಜನ ಇಷ್ಟಕ್ಕೇ ಮುಗಿಯುವುದಿಲ್ಲ. ಮೇದಾರ ಕೇತಯ್ಯ, ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ ಮೊದಲಾದ ಶರಣರ ಹೆಸರುಗಳಲ್ಲಿ ಅವರವರ ಕಾಯಕವೇ ಬಿರುದಾಗಿ ನಿಂತಿದೆ. ಆ ಹೆಸರುಗಳನ್ನು ಕಂಠಪಾಠ ಮಾಡಿ, ಕಾಯಕತತ್ತ್ವವನ್ನು ಕುರಿತ ಪ್ರಶ್ನೆಗೆ ಪೂರ್ಣಾಂಕ ಪಡೆದ ವಿದ್ಯಾರ್ಥಿಯೇ, ತನ್ನ ತಂದೆ ಬುಟ್ಟಿ ಹೆಣೆಯುವವನೆಂದು ತರಗತಿಯಲ್ಲಿ ಹೇಳಲು ನಾಚುವುದುಂಟು. ಅಥವಾ ಹಾಗೆ ಹೇಳಿದ ಸಹಪಾಠಿಯನ್ನು ಕಂಡು ನಗುವುದುಂಟು. ಇಂಥಲ್ಲಿ ಉತ್ತರಪತ್ರಿಕೆ ಗೆದ್ದಿತು, ಪಾಠ ಸೋತಿತು. ಕಸುಬನ್ನು ಹುಟ್ಟಿಗೆ ಕಟ್ಟಿಹಾಕಿದ ಸಮಾಜದಲ್ಲಿ, ವಕೀಲನ ಮಗನೂ ಕುಂಬಾರನ ಮಗಳೂ ಒಂದೇ ಮಣ್ಣನ್ನು ಒಟ್ಟಿಗೆ ಕುಳಿತು ನಾದುವ ಸ್ಥಳವೊಂದಿದ್ದರೆ ಅದು ಶಾಲೆಯೇ ಆಗಬೇಕು. ಅಲ್ಲಿ ಕುಂಬಾರನ ಮಗಳ ಕೈಚಳಕವನ್ನು ಉಳಿದವರು ಬೆರಗಾಗಿ ನೋಡುವ ಗಳಿಗೆಯೇ ಕಾಯಕದ ಮೊದಲ ಪಾಠ.

೧೯೩೭ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಮಹಾತ್ಮಾ ಗಾಂಧಿಯವರು ಕೈಕಸುಬನ್ನೇ ಶಿಕ್ಷಣದ ಕೇಂದ್ರವಾಗಿಸಬೇಕೆಂಬ ವಿಚಾರವನ್ನು ಮುಂದಿಟ್ಟರು, ಡಾ. ಜಾಕಿರ್ ಹುಸೇನರ ಅಧ್ಯಕ್ಷತೆಯ ಸಮಿತಿಯು ಅದಕ್ಕೆ ಪಠ್ಯಕ್ರಮದ ರೂಪ ಕೊಟ್ಟಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ೬ರಿಂದ ೮ನೆಯ ತರಗತಿಯ ಅವಧಿಯಲ್ಲಿ ಮಕ್ಕಳು ೧೦ ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರ ಮೊದಲಾದವರ ಬಳಿ ಕಲಿಯಬೇಕೆಂದು ಸೂಚಿಸಿದೆ. ನೀತಿ ಕಾಗದದಲ್ಲಿದೆ, ನಡೆಸತಕ್ಕವರು ಉಪಾಧ್ಯಾಯರು.

ಆದಕಾರಣ ಅವರು ಕೆಲವು ವಿಷಯಗಳಲ್ಲಿ ಎಚ್ಚರ ವಹಿಸುವುದು ಅಗತ್ಯ. ಊರಿನ ಕುಶಲಕರ್ಮಿಯನ್ನು ಕರೆಸಿದಾಗ ಗುರುವಿನ ಪೀಠದಲ್ಲಿ ಕೂಡಿಸಬೇಕು. ಸಲ್ಲತಕ್ಕ ಸಂಭಾವನೆಯನ್ನೂ ಕೊಡಬೇಕು. ಹಗ್ಗ ಗಂಡುಮಕ್ಕಳಿಗೆ, ಎಲೆ ಹೆಣ್ಣುಮಕ್ಕಳಿಗೆ ಎಂದು ಹಂಚಬಾರದು. ಪೇಟೆಯಿಂದ ಕೊಂಡುತಂದ ಥರ್ಮೋಕೋಲಿನ ಮಾದರಿಗೂ, ತಂದೆತಾಯಿಗಳು ರಾತ್ರಿ ಜಾಗರಣೆ ಮಾಡಿ ಮುಗಿಸಿದ ಮಾದರಿಗೂ ಅಂಕ ಕೊಡಬಾರದು. ಮಗುವೇ ಮಾಡಿದ ಸೊಟ್ಟ ಕೊಂಬಿನ ಎತ್ತು ಅವೆರಡಕ್ಕಿಂತಲೂ ಮೇಲು.

ಮಾಡಿದ ವಸ್ತು ಕಪಾಟಿನಲ್ಲಿ ಧೂಳು ತಿನ್ನದೆ ಬಳಕೆಗೆ ಬರಬೇಕು. ಹಗ್ಗ ಬಾವಿಯ ಕೊಡಕ್ಕೆ ಸಲ್ಲಲಿ, ಎಲೆ ದಾಸೋಹದ ಪಂಕ್ತಿಗೆ ಸಲ್ಲಲಿ. ತಾನು ಹಚ್ಚಿದ ಎಲೆಯಲ್ಲಿ ಅಪರಿಚಿತನೊಬ್ಬನು ಉಣ್ಣುತ್ತಿರುವಾಗ, ಸಾರು ಸೋರುವುದೋ ಇಲ್ಲವೋ ಎಂದು ಕಂಬದ ಮರೆಯಿಂದ ನೋಡುವ ಬಾಲಕನಿಗೆ ಕಾಯಕವೂ ದಾಸೋಹವೂ ಒಟ್ಟಿಗೆ ಅರ್ಥವಾಗಿರುತ್ತವೆ.