ಎದೆಯ ಚಿತ್ರದಲ್ಲಿ ಬಿಳಿಯ ನೆರಳು

ಕಲಾ ವಿಭಾಗದ ವಿದ್ಯಾರ್ಥಿಯು ವೈದ್ಯಶಾಸ್ತ್ರಕ್ಕೆ ಕೈ ಹಾಕುವುದು ಉದ್ಧಟತನವೆಂದು ಅಧ್ಯಾಪಕರಿಗೆ ತೋರಬಹುದು. ಆದರೆ ಉಕ್ಕಡಗಾತ್ರಿಯ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದುದರಿಂದ ದೊಡ್ಡಪ್ಪನ ಎದೆಯ ಚಿತ್ರವೂ ಅದರ ಇಂಗ್ಲಿಷ್ ವರದಿಯೂ ಬಂದಾಗ, “ಓದಿದಾವ ನೀನು, ಏನೈತಿ ಹೇಳಪ್ಪ” ಎಂದು ನನ್ನ ಕೈಗೇ ಕೊಟ್ಟರು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ತಿಳಿಯಲು ಪಟ್ಟ ಪಾಡಿನ ಫಲವೇ ಈ ಲೇಖನ.

1895ರಲ್ಲಿ ಜರ್ಮನಿಯ ರಾಂಟ್‌ಜನ್ ಕಂಡುಹಿಡಿದ ಕ್ಷಕಿರಣವು ಗಾಳಿಯನ್ನು ಸುಲಭವಾಗಿ ದಾಟುತ್ತದೆ. ಎಲುಬು, ನೀರು, ಕೀವುಗಳಲ್ಲಿ ಬಹುಮಟ್ಟಿಗೆ ತಡೆಯಲ್ಪಡುತ್ತದೆ. ಆದ್ದರಿಂದ ಗಾಳಿ ತುಂಬಿದ ಶ್ವಾಸಕೋಶ ಚಿತ್ರದಲ್ಲಿ ಕಪ್ಪು, ರೋಗದ ನೆರಳು ಬಿಳಿ. ಈ ಬಿಳಿಯು ‘ಏನೋ ಇದೆ’ ಎನ್ನುತ್ತದೆಯೇ ಹೊರತು ಅದರ ಹೆಸರು ಹೇಳುವುದಿಲ್ಲ. ತೊಡಕೆಲ್ಲ ಇಲ್ಲಿಯೇ.

ದೊಡ್ಡಪ್ಪನಿಗೆ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು. ಕತ್ತಿನಲ್ಲಿ ನೋವಿಲ್ಲದ ಗಂಟು. ಚಿತ್ರದಲ್ಲಿ ಎದೆಯ ನಡುಭಾಗ ಅಗಲವಾಗಿತ್ತು. ಕ್ಷಯವೆಂದು ನಾಲ್ಕು ತಿಂಗಳು ಗುಳಿಗೆ ನುಂಗಿದರು. ಅಜ್ಜಯ್ಯನ ಗದ್ದುಗೆಗೆ ಹರಕೆಯೂ ಆಯಿತು. ಕೊನೆಗೆ ಗಂಟಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಲಿಂಫೋಮಾ, ಎಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್, ಎಂದು ತಿಳಿಯಿತು. ಕ್ಷಯವೂ ಅದೇ ಗ್ರಂಥಿಗಳನ್ನು ಊದಿಸುತ್ತದೆ, ಅದೇ ಜ್ವರ ತರುತ್ತದೆ. ಕ್ಷಯ ಹೆಚ್ಚಾಗಿರುವ ನಮ್ಮ ನಾಡಿನಲ್ಲಿ ಮೊದಲ ಅನುಮಾನ ಅದರ ಮೇಲೆ ಹೋಗುವುದು ಸಹಜ. ಆದರೂ ಆ ನಾಲ್ಕು ತಿಂಗಳು ನನಗೆ ಮರೆಯದು.

ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಮೊದಲಾಯಿತು. ಔಷಧದಿಂದ ಬಿಳಿ ರಕ್ತಕಣಗಳು ಕುಗ್ಗಿ ಮತ್ತೆ ಜ್ವರ ಬಂದಿತು. ಕ್ಷಕಿರಣದ ಚಿತ್ರ ನಿರ್ಮಲ! ಆದರೂ ವೈದ್ಯರು ಸಿ.ಟಿ. ಚಿತ್ರ ಬೇಕೆಂದರು. “ಫೋಟೋದಾಗ ಏನೂ ಇಲ್ಲಲ್ಲ, ಮತ್ಯಾಕ?” ಎಂದು ದೊಡ್ಡಮ್ಮ ಕೇಳಿದರು. ರಕ್ತದ ಕ್ಯಾನ್ಸರ್ ಇದ್ದವರಲ್ಲಿ, ಅದರಲ್ಲೂ ಲ್ಯುಕೇಮಿಯಾದಲ್ಲಿ, ಬಿಳಿ ಕಣಗಳು ಬಹುದಿನ ಕಡಮೆಯಿದ್ದರೆ ಆಸ್ಪರ್ಜಿಲ್ಲಸ್ ಎಂಬ ಬೂಷ್ಟು ಶ್ವಾಸಕೋಶಕ್ಕೆ ಇಳಿಯಬಹುದು. ಮೊದಮೊದಲು ಅದು ಸಾಧಾರಣ ಚಿತ್ರದಲ್ಲಿ ಕಾಣದೆ ಹೋಗುವುದುಂಟು. ದೇಹವನ್ನು ಪದರ ಪದರವಾಗಿ ತೋರಿಸುವ ಸಿ.ಟಿ.ಯಲ್ಲಾದರೆ ಸಣ್ಣ ಗಂಟು, ಅದರ ಸುತ್ತ ಚಂದ್ರನ ಸುತ್ತಲಿನ ಉಂಗುರದಂತೆ ಮಸುಕು ಕಾಣುತ್ತದೆ. ಆ ಮಸುಕು ಗಂಟಿನ ಸುತ್ತ ಒಸರಿದ ರಕ್ತ. ದೊಡ್ಡಪ್ಪನ ಚಿತ್ರದಲ್ಲಿಯೂ ಅಂತಹುದೇ ಒಂದು ಕಂಡಿತು. ಬೂಷ್ಟಿನ ಔಷಧ ತಡಮಾಡದೆ ದೊರೆಯಿತು.

ಚಿಕಿತ್ಸೆ ಮುಗಿದ ಮೇಲಿನ ಚಿತ್ರವನ್ನು ಮೊನ್ನೆ ಕಿಟಕಿಯ ಬೆಳಕಿಗೆ ಹಿಡಿದೆ. ಎದೆಯ ನಡುವೆ ಸ್ವಲ್ಪ ಬಿಳಿ ಉಳಿದಿತ್ತು. “ಇನ್ನೂ ಐತಲ್ಲೋ ತಮ್ಮಾ?” ಎಂದರು ದೊಡ್ಡಪ್ಪ. ರೋಗ ಅಳಿದ ಮೇಲೂ ಮಾಗಿದ ಗಾಯದ ಕಲೆಯಂತೆ ಗಂಟು ಉಳಿಯಬಹುದೆಂದೂ, ಅದು ಕಲೆಯೋ ರೋಗವೋ ಎಂಬುದನ್ನು ಬೇರೆ ಪರೀಕ್ಷೆಯೇ ಹೇಳಬೇಕೆಂದೂ ವಿವರಿಸಿದೆ. ಆ ಪರೀಕ್ಷೆಗೆ ಬರುವ ತಿಂಗಳು ಹೋಗಬೇಕಾಗಿದೆ.